ಹೂವಿನ ಅಪ್ಪಣೆಯೂ ನಾನು ಗೆದ್ದ ವಾದವೂ

ನಾನು ನಾಸ್ತಿಕ. ಈ ಮಾತು ಹೇಳಿದರೆ ಈಗ ಯಾರೂ ಬೆಚ್ಚುವುದಿಲ್ಲ, ಅದೇ ನನ್ನ ದುಃಖ. ಕಡೂರಿನ ನಮ್ಮ ಬೀದಿಯ ಕೊನೆಯಲ್ಲಿ ಒಂದು ಗುಡಿಯಿದೆ. ಸಂಜೆ ಅಲ್ಲಿಗೆ ಹೊರಟ ಪಕ್ಕದ ಮನೆಯವರು, "ಬನ್ನಿ ಸಾರ್, ಒಂದು ಸುತ್ತು ಹಾಕ್ಕೊಂಡು ಬರೋಣ" ಎಂದು ಕರೆಯುತ್ತಾರೆ. "ನಾನು ದೇವರನ್ನು ನಂಬುವುದಿಲ್ಲ" ಎನ್ನುತ್ತೇನೆ, ಬೇಕೆಂದೇ ಸ್ವಲ್ಪ ಗಟ್ಟಿಯಾಗಿ. ಅವರು ನಗುತ್ತಾರೆ. "ಪರವಾಗಿಲ್ಲ ಬಿಡಿ ಸಾರ್, ಅವರವರ ನಂಬಿಕೆ ಅವರವರಿಗೆ" ಎಂದು ಮುಂದೆ ಹೋಗುತ್ತಾರೆ. ಸಕ್ಕರೆ ಕಾಯಿಲೆಯವನು ಲಾಡು ಬೇಡವೆಂದಾಗ ಒತ್ತಾಯ ಮಾಡದೆ ತಟ್ಟೆಯನ್ನು ಮುಂದೆ ದಾಟಿಸುತ್ತಾರಲ್ಲ, ಹಾಗೆ. ಅದು ಸಹನೆ, ಒಳ್ಳೆಯ ಗುಣ, ಎಲ್ಲ ಗೊತ್ತು. ಆದರೂ ನಾನು ಬಾಗಿಲಲ್ಲಿ ನಿಂತು ಒಂದು ಜಗಳಕ್ಕಾಗಿ ಹಂಬಲಿಸುತ್ತೇನೆ.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯ ಮಗನೊಬ್ಬ ಬಂದಿದ್ದ. ಕಾಲೇಜು ಓದುವವನು, ಹೊಸದಾಗಿ ನಾಸ್ತಿಕನಾಗಿದ್ದಾನೆ. ಹೊಸದಾಗಿ ಮದುವೆಯಾದವರಂತೆ ಅವನಿಗೂ ಅದೊಂದರ ಮಾತು ಬಿಟ್ಟು ಬೇರೆ ಮಾತಿಲ್ಲ. "ಸಾರ್, ಈ ಆಸ್ತಿಕರ ಜೊತೆ ವಾದ ಮಾಡೋದು ಹೇಗೆ? ಅವರನ್ನ ಸಹಿಸಿಕೊಳ್ಳೋದಾದ್ರೂ ಹೇಗೆ?" ಎಂದು ಕೇಳಿದ. ನಾನು ಕಾಫಿ ಕೊಟ್ಟು, ಯೋಚಿಸಿ ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕೂತರೆ ಹೇಗೆ ಎನ್ನುವುದು ಒಂದೂ ಹೊಳೆಯುತ್ತಿಲ್ಲ. ಓಂಕಾರಪ್ಪನವರು ಮಾತ್ರ ನೆನಪಾಗುತ್ತಿದ್ದಾರೆ. ಆದ್ದರಿಂದ ಅವರನ್ನೇ ಬರೆಯುತ್ತೇನೆ, ನೀವೂ ಕೇಳಿಸಿಕೊಳ್ಳಿ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲಕ್ಕೆ ನಾನು ವಿಜ್ಞಾನದ ಮೇಷ್ಟ್ರಾಗಿ ಅಜ್ಜಂಪುರಕ್ಕೆ ಹೋದೆ. ಹುಟ್ಟಿದ್ದು ಸಿಂಗಟಗೆರೆಯಲ್ಲಿ, ಲಿಂಗವಂತರ ಮನೆಯಲ್ಲಿ. ಅಂಥ ಮನೆಯಲ್ಲಿ ಎಳೆಗೂಸಿಗೇ ಲಿಂಗ ಕಟ್ಟುತ್ತಾರೆ. ದೊಡ್ಡವರಾದ ಮೇಲೆ ದಿನವೂ ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ತುತ್ತು ಎತ್ತುವಂತಿಲ್ಲ. ನಾನು ಮೈಸೂರಿನಲ್ಲಿ ಓದುವಾಗ ಅದನ್ನು ಕೊರಳಿನಿಂದ ತೆಗೆದುಬಿಟ್ಟೆ. ಏನೋ ದೊಡ್ಡ ಜ್ಞಾನೋದಯವಾಗಿ ತೆಗೆದೆನೆಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳಬೇಕೆಂದರೆ, ಲಿಂಗ ಕಟ್ಟುವ ಶಿವದಾರ ಕಿತ್ತುಹೋಗಿತ್ತು. ಹೊಸದು ತರುವುದಕ್ಕೆ ಸೋಮಾರಿತನ. ಇವತ್ತು ನಾಳೆ ಎನ್ನುವಷ್ಟರಲ್ಲಿ ಜ್ಞಾನೋದಯವಾಯಿತು. ರಜೆಗೆ ಊರಿಗೆ ಹೋದಾಗ ಅವ್ವ ನನ್ನ ಬರಿಯ ಎದೆ ನೋಡಿ, "ಲಿಂಗ ಎಲ್ಲೋ?" ಎಂದಳು. "ಟ್ರಂಕ್‌ನಲ್ಲಿದೆ" ಎಂದೆ. "ಟ್ರಂಕಿಗಾದ್ರೂ ಬೀಗ ಹಾಕಿದ್ದೀಯೇನೋ?" ಎಂದು ಕೇಳಿ ಒಳಗೆ ಹೋದಳು. ವಾರವಿಡೀ ತಯಾರು ಮಾಡಿಕೊಂಡು ಹೋಗಿದ್ದ ನನ್ನ ವಾದ ಹಾಗೇ ಉಳಿದುಹೋಯಿತು.

ಆ ವಾದವನ್ನೆಲ್ಲ ಸುರಿಯಲು ನನಗೆ ಜಾಗ ಸಿಕ್ಕಿದ್ದು ಅಜ್ಜಂಪುರದ ಸ್ಟೇಷನ್ ರಸ್ತೆಯ ಒಂದು ಹಗ್ಗದ ಅಂಗಡಿಯಲ್ಲಿ. ಮೂಗುದಾರ, ಬಾರುಕೋಲು, ಎತ್ತಿನ ಕೊರಳಿನ ಗಂಟೆ, ಬಾವಿಯ ಹಗ್ಗ ಎಲ್ಲ ಅಲ್ಲಿ ತೂಗಾಡುತ್ತಿದ್ದವು. ಅವುಗಳ ನಡುವೆ ಹಣೆಯ ತುಂಬ ವಿಭೂತಿ ಧರಿಸಿ ಕೂತಿದ್ದವರೇ ಓಂಕಾರಪ್ಪನವರು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ನಾನು ಬಟ್ಟೆ ಒಣಗಿಸುವುದಕ್ಕೆ ಹಗ್ಗ ಕೇಳಿದೆ. ಅವರು ಅಳೆಯುತ್ತಲೇ ನನ್ನ ಊರು, ಮನೆತನ ವಿಚಾರಿಸಿದರು. ಆಮೇಲೆ ನನ್ನ ಹಣೆಯನ್ನು ದಿಟ್ಟಿಸಿ, "ಹಣೆ ಬರಿದಾಗಿ ಅದೆಯಲ್ಲ ಮೇಷ್ಟ್ರೇ, ಮೈಗೆ ಹುಷಾರಿಲ್ವಾ?" ಎಂದರು. ದೇವರಿಲ್ಲ ಎಂಬುದು ನನ್ನ ಅಭಿಪ್ರಾಯ ಎಂದೆ. ಅವರು ಅಳತೆ ನಿಲ್ಲಿಸಿ, ಹಗ್ಗವನ್ನು ಪಕ್ಕಕ್ಕಿಟ್ಟು, ಬೆಂಚನ್ನು ಎಳೆದು ಪಂಚೆಯ ತುದಿಯಿಂದ ಒರೆಸಿದರು. "ಕೂತ್ಕಳಿ. ಹಗ್ಗ ಆಮೇಲೆ ಕೊಡ್ತೀನಿ. ನಿಮ್ಮಂಥೋರು ಸಿಗೋದೇ ಅಪರೂಪ ಕಣ್ರೀ" ಎಂದರು. ನಾನು ಕೂತೆ.

ಅಂದಿನಿಂದ ಸ್ಕೂಲು ಬಿಟ್ಟ ಮೇಲೆ ದಿನವೂ ಅಲ್ಲೇ ನನ್ನ ಠಿಕಾಣಿ. ಬೀರೂರಿನ ಕಡೆಯ ಸಂಜೆಯ ಗಾಡಿ ಬರುವವರೆಗೆ ವಾದ. ಗಾಡಿ ಬಂದ ಮೇಲೆ ಗಿರಾಕಿಗಳು ಬರುತ್ತಿದ್ದರು, ಆಗ ವಿರಾಮ. ನಡುವೆ ಖಾರದ ಮಂಡಕ್ಕಿ. ಜಗತ್ತನ್ನು ಯಾರೋ ಮಾಡಿದ್ದಾರೆ ಎಂದು ಅವರು, ಹಾಗಾದರೆ ಆ ಯಾರೋ ಎನ್ನುವವರನ್ನು ಯಾರು ಮಾಡಿದರು ಎಂದು ನಾನು. "ಅದನ್ನ ಕೇಳ್ಬಾರ್ದು" ಎಂದು ಅವರು, ಏಕೆ ಕೇಳಬಾರದು ಎಂದು ನಾನು. ಕೂಗಾಡುತ್ತಿದ್ದೆವು. ಎತ್ತಿಗೆ ಹಗ್ಗ ಕೊಳ್ಳಲು ಬಂದ ರೈತರು ಹಗ್ಗ ಮರೆತು ನಿಂತುಕೊಳ್ಳುತ್ತಿದ್ದರು. ಒಬ್ಬರೂ ಇನ್ನೊಬ್ಬರ ಮಾತನ್ನು ಒಂದಿಷ್ಟೂ ಒಪ್ಪಿದ್ದು ನನಗೆ ನೆನಪಿಲ್ಲ. ಅಷ್ಟು ಸುಖವಾದ ಸಂಜೆಗಳು ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ.

ಒಂದು ಸೋಮವಾರ ಮನೆಗೆ ಊಟಕ್ಕೆ ಕರೆದರು. ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ಪಾರ್ವತಮ್ಮನವರು ಮಣೆ ಹಾಕಿ, ನಮ್ಮವರ ಮನೆಗಳಲ್ಲಿ ಬಂದವರನ್ನು ಕೇಳುವ ಹಾಗೆ, "ಪೂಜೆಗೆ ನೀರಿಡ್ಲಾ ಮೇಷ್ಟ್ರೇ?" ಎಂದರು. ನಾನು ಪೂಜೆ ಮಾಡುವುದಿಲ್ಲ ಎಂದೆ. ಅವರ ಕೈಯ ಚೊಂಬು ಅಲ್ಲೇ ನಿಂತಿತು. ಪೂಜೆಯಿಲ್ಲದವನಿಗೆ ಬಡಿಸುವುದು ಅವರ ಮನೆಯ ರೂಢಿಯಲ್ಲ. ಮನೆಗೆ ಬಂದವನನ್ನು ಉಪವಾಸ ಕಳಿಸುವುದಂತೂ ಇಲ್ಲವೇ ಇಲ್ಲ. ನಾನೂ ಸಿದ್ಧಾಂತ ಬಿಡುವವನಲ್ಲ. ಅಡುಗೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿದ್ದುದರಿಂದ ಸಿದ್ಧಾಂತಕ್ಕೆ ಸ್ವಲ್ಪ ಕಷ್ಟವಾಗುತ್ತಿತ್ತು. ಆಗ ಓಂಕಾರಪ್ಪನವರು, "ಇವರ ಪಾಲಿಂದೂ ನಾನೇ ಮಾಡ್ತೀನಿ ಕಣೇ. ಎರಡು ಪೂಜೆ ಆಗೋವರ್ಗೂ ಹಸ್ಕೊಂಡು ಕೂತಿರ್ಲಿ" ಎಂದರು. ಮಾಡಿದರು ಕೂಡ. ತಮ್ಮ ಪೂಜೆ ಮುಗಿಸಿ, ಮತ್ತೆ ಮೊದಲಿನಿಂದ ವಿಭೂತಿ ಹಚ್ಚಿಕೊಂಡು, ನನ್ನ ಪರವಾಗಿ ಇನ್ನೊಂದು ಸಲ ಕಣ್ಣು ಮುಚ್ಚಿ ಕೂತರು. ಎರಡನೆಯದನ್ನು ಬೇಕೆಂದೇ ನಿಧಾನ ಮಾಡಿದರೆಂದು ನನಗೆ ಈಗಲೂ ಗುಮಾನಿಯಿದೆ. ಆಮೇಲೆ ಎಷ್ಟೋ ಸೋಮವಾರ ಹಾಗೆಯೇ ನಡೆಯಿತು. ಆಸ್ತಿಕರನ್ನು ಸಹಿಸುವುದು ಹೇಗೆಂದು ಆ ಹುಡುಗ ನನ್ನನ್ನು ಕೇಳಿದನಲ್ಲ, ಅವರು ನಮ್ಮನ್ನು ಹೇಗೆ ಸಹಿಸಿದರು ಎನ್ನುವುದನ್ನು ಮೊದಲು ಹೇಳಬೇಕೆನಿಸಿತು.

ಈಗ ಹೂವಿನ ವಿಷಯ. ಊರಾಚೆ ಒಂದು ವೀರಭದ್ರನ ಗುಡಿಯಿತ್ತು. ಓಂಕಾರಪ್ಪನವರು ಏನೇ ಮಾಡುವುದಿದ್ದರೂ ಅಲ್ಲಿ ಹೂವಿನ ಅಪ್ಪಣೆ ಕೇಳುತ್ತಿದ್ದರು. ಅಯ್ಯನವರು ದೇವರ ಮೈಗೆ ನೀರು ಹಾಕಿ, ಎಡಭುಜಕ್ಕೊಂದು ಬಲಭುಜಕ್ಕೊಂದು ಕಣಗಿಲೆ ಹೂವನ್ನು ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ಕೂರುತ್ತಾರೆ. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದು ಅಪ್ಪಣೆ, ಎಡದ್ದು ಬಿದ್ದರೆ ಬೇಡವೆಂದು. ಎತ್ತು ಕೊಳ್ಳಬಹುದೇ, ಬಾವಿ ತೋಡಿಸಬಹುದೇ, ತರೀಕೆರೆಯ ನೆಂಟರ ಮದುವೆಗೆ ಹೋಗಲೇಬೇಕೇ, ಎಲ್ಲಕ್ಕೂ ಹೂವೇ. ನನ್ನ ಜೊತೆ ವಾದ ಮುಂದುವರಿಸಬಹುದೇ ಎಂದೂ ಒಮ್ಮೆ ಕೇಳಿಕೊಂಡು ಬಂದಿದ್ದರು. "ಬಲಕ್ಕೇ ಕೊಡ್ತು ಮೇಷ್ಟ್ರೇ. ನೀವು ಅವನನ್ನ ಇಲ್ಲ ಅಂದ್ರೂ ಅವನಿಗೆ ನಿಮ್ಮ ಮೇಲೆ ಪ್ರೀತಿ ಅದೆ" ಎಂದು ಹೇಳಿ ಹಿಗ್ಗಿದರು.

ನನಗೆ ಈ ಹೂವು ಸಿಕ್ಕಿದ್ದು ಹಬ್ಬವಾಯಿತು. ದೇವರಿದ್ದಾನೆಯೇ ಎನ್ನುವುದನ್ನು ಪ್ರಯೋಗಶಾಲೆಯಲ್ಲಿ ನೋಡಲಾಗದು; ಹೂವು ಏಕೆ ಬೀಳುತ್ತದೆ ಎನ್ನುವುದನ್ನು ನೋಡಬಹುದು. ಆ ವರ್ಷ ಸ್ಕೂಲಿನಲ್ಲಿ ವಿಜ್ಞಾನದ ವಸ್ತುಪ್ರದರ್ಶನ ಏರ್ಪಟ್ಟಿತ್ತು. ಹೋಟೆಲಿನವರಿಂದ ಒಂದು ಹಳೆಯ ರುಬ್ಬುಗುಂಡನ್ನು ಕೇಳಿ ತಂದು, ಇಡೀ ವಾರ ಅದಕ್ಕೆ ಒದ್ದೆ ಹೂ ಅಂಟಿಸುತ್ತ, ಬಿದ್ದದ್ದನ್ನು ಬರೆದುಕೊಳ್ಳುತ್ತ ಕೂತೆ. ಇಷ್ಟು ಶ್ರದ್ಧೆಯಿಂದ ಯಾವ ಭಕ್ತನೂ ಹೂವಿನ ಮುಂದೆ ಕೂತಿರಲಾರ. ಪ್ರದರ್ಶನದ ದಿನ ಓಂಕಾರಪ್ಪನವರನ್ನು ನಾನೇ ಹೋಗಿ ಕರೆದುಕೊಂಡು ಬಂದು, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಗೌರವಕ್ಕೆಂದು ಹೇಳಿದೆ. ಗೌರವವಲ್ಲ, ಅವರ ಮುಖ ನನಗೆ ಚೆನ್ನಾಗಿ ಕಾಣಬೇಕಾಗಿತ್ತು.

ಹೆಡ್‌ಮಾಸ್ಟರಿಗೆ ಕೋಪ ಕಡಿಮೆಯಾಗುವುದೇ ಎಂದು ರುಬ್ಬುಗುಂಡನ್ನು ಕೇಳಿದೆ. ಬಲದ ಹೂ ಬಿತ್ತು. ಊರೇ ನಕ್ಕಿತು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ, ಈ ಸಲ ಎಡಗಡೆಯಿಂದ ಬೀಸಣಿಗೆ ಬೀಸುತ್ತ. ಎಡದ್ದು ಬಿತ್ತು. ಗಾಳಿ ತಗುಲಿದ ಕಡೆ ನೀರು ಬೇಗ ಆರುತ್ತದೆ, ಆರಿದ ಹೂವು ಬೇಗ ಬೀಳುತ್ತದೆ, ಇಷ್ಟೇ ಸಮಾಚಾರ ಎಂದು ವಿವರಿಸಿದೆ. ಬೇಕಾದ ಕಡೆ ಬೀಳಿಸಿ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಮೊದಮೊದಲು ಓಂಕಾರಪ್ಪನವರೂ ನಗುತ್ತಿದ್ದರು. ಆಮೇಲೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತರು.

"ಮೇಷ್ಟ್ರೇ, ಗಾಳಿ ಅಂದ್ರೆ ಜೋರಾಗಿ ಬೀಸ್ಬೇಕಾ?"

"ಬೇಕಿಲ್ಲ, ಸ್ವಲ್ಪ ಆಡಿದರೂ ಸಾಕು" ಎಂದೆ.

"ಗುಡಿಗೆ ಎಡಗಡೆ ಒಂದು ಸಣ್ಣ ಬಾಗ್ಲು ಅದೆಯಲ್ಲ. ಅದನ್ನ ತೆಗ್ದಿದ್ರೆ?"

"ಎಡದ್ದೇ ಬೀಳುತ್ತದೆ, ಅನುಮಾನವೇ ಇಲ್ಲ!" ಎಂದೆ. ತರಗತಿಯ ಜಾಣ ವಿದ್ಯಾರ್ಥಿ ಸರಿಯಾದ ಪ್ರಶ್ನೆ ಕೇಳಿದಾಗ ಆಗುವಷ್ಟು ಸಂತೋಷ ನನಗಾಗಿತ್ತು. ಅವರು ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಮಡಿಸಿದರು. ಮತ್ತೆ ಬಿಚ್ಚಿ ಮತ್ತೆ ಮಡಿಸಿದರು. ಆಮೇಲೆ ಎದ್ದು ಯಾರಿಗೂ ಏನೂ ಹೇಳದೆ ಹೋದರು. ನಾಳೆಗೆ ಮರುವಾದ ತಯಾರು ಮಾಡಲು ಹೋದರೆಂದು ನಾನು ತಿಳಿದೆ.

ಮರುದಿನ ಅಂಗಡಿ ಮುಚ್ಚಿತ್ತು. ಅದರ ಮರುದಿನ ತೆರೆದಿತ್ತು. ನಾನು ಹೋಗಿ ಬೆಂಚಿನ ಮೇಲೆ ಕೂತೆ. ಅವರು ಹಗ್ಗದ ತುದಿಯೊಂದನ್ನು ಬಿಚ್ಚುತ್ತ, ನನ್ನ ಕಡೆ ನೋಡದೆ ಹೇಳಿದರು. ಅವರಿಗೆ ಒಬ್ಬ ಮಗನಿದ್ದ. ನಾನು ಆ ಊರಿಗೆ ಹೋಗುವುದಕ್ಕೆ ಏಳೆಂಟು ವರ್ಷ ಮೊದಲಿನ ಮಾತು. ಆರು ವರ್ಷದ ಮಗುವಿಗೆ ಜ್ವರ ಬಂದು ಇಳಿಯಲಿಲ್ಲ. ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಕೆಲವರು, ದಾರಿಯ ಆಯಾಸ ತಡೆಯಲಾರ, ಬೇಡ ಎಂದು ಕೆಲವರು. ಓಂಕಾರಪ್ಪನವರು ಹೂವು ಕೇಳಿದರು. ಎಡಕ್ಕೆ ಬಿತ್ತು. ಕರೆದೊಯ್ಯಲಿಲ್ಲ. ನಾಲ್ಕನೆಯ ದಿನ ಮಗು ಹೋಯಿತು.

"ಅವತ್ತು ಒಳಗೆಲ್ಲ ಲೋಬಾನದ ಹೊಗೆ ತುಂಬ್ಕೊಂಡಿತ್ತು ಮೇಷ್ಟ್ರೇ. ಎಡಗಡೆ ಬಾಗ್ಲು ತೆಗ್ದೋನು ನಾನೇ" ಎಂದರು.

ಏನಾದರೂ ಹೇಳಬೇಕೆಂದು, "ಆಸ್ಪತ್ರೆಗೆ ಹೋಗಿದ್ದರೂ ಪ್ರಯೋಜನ ಆಗ್ತಿರಲಿಲ್ಲ ಓಂಕಾರಪ್ಪನವರೇ. ಆ ಜ್ವರಕ್ಕೆ ಆಗ ಔಷಧಿಯೇ ಇರಲಿಲ್ಲ" ಎಂದೆ.

ಅವರು ತಲೆಯೆತ್ತಿದರು. "ಯಾವ ಜ್ವರ ಅಂತ ನಾನು ಹೇಳ್ಲೇ ಇಲ್ವಲ್ಲ ಮೇಷ್ಟ್ರೇ" ಎಂದರು. "ನಿಮಗೆ ಸುಳ್ಳು ಹೇಳೋಕೆ ಬರಲ್ಲ, ಬಿಡಿ" ಎಂದು ಮಂಡಕ್ಕಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ನನಗೆ ತಿನ್ನಲಾಗಲಿಲ್ಲ.

ಏಳೆಂಟು ವರ್ಷ ಆ ಮನುಷ್ಯ ಮಗನನ್ನು ದೇವರ ಮಾತಿನ ಮೇಲೆ ಮಲಗಿಸಿದ್ದರು. ದೇವರು ಬೇಡವೆಂದ, ಆದ್ದರಿಂದ ಹೋಗಲಿಲ್ಲ. ಅದು ಸರಿಯಾಗಿತ್ತೇ ತಪ್ಪಾಗಿತ್ತೇ ಎನ್ನುವುದು ಬೇರೆ ಮಾತು. ಆ ಹಾಸಿಗೆಯ ಮೇಲೆ ಒಂದು ಮಗು ಇದೆ ಎಂದು ನೋಡಿಕೊಳ್ಳದೆ ನಾನು ಅದನ್ನು ಎಳೆದಿದ್ದೆ, ಅದೂ ಊರೆಲ್ಲ ನಗುತ್ತಿರುವಾಗ. ನಾನು ಗೆದ್ದ ಏಕೈಕ ವಾದ ಅದು. ಅದನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರು ಸಿಟ್ಟಾಗಲಿಲ್ಲ. ಮೊದಲಿನಂತೆಯೇ ಬೆಂಚು ಒರೆಸಿ ಕೂರಿಸುತ್ತಿದ್ದರು. ನಾನು ಏನೇ ಹೇಳಿದರೂ, "ಹೌದು ಮೇಷ್ಟ್ರೇ, ನೀವು ಹೇಳೋದೇ ಸರಿ" ಎನ್ನುತ್ತಿದ್ದರು. ಜಗತ್ತನ್ನು ಯಾರೂ ಮಾಡಿಲ್ಲವೇ? ಇಲ್ಲ. ಪುನರ್ಜನ್ಮ? ಅದೂ ಇಲ್ಲ. ನಾಸ್ತಿಕನ ಪಾಲಿಗೆ ಇಂಥ ಶಿಕ್ಷೆ ಇನ್ನೊಂದಿರಲಾರದು. ಹಗ್ಗ ಕೊಳ್ಳಲು ಬಂದ ರೈತರು ಹಗ್ಗ ಕೊಂಡು ಹೋಗತೊಡಗಿದರು. ನಾನು ಗಾಡಿ ಬರುವ ಮೊದಲೇ ಎದ್ದು ಮನೆಗೆ ಹೋಗತೊಡಗಿದೆ. ರೂಮಿನಲ್ಲಿ ಒಬ್ಬನೇ ಕೂತು, ಅಂಗಡಿಯಿಂದ ಕೂಗು ಕೇಳುತ್ತದೆಯೇ ಎಂದು ಕಿವಿಗೊಡುತ್ತಿದ್ದೆ. ಕೂಗುತ್ತಿದ್ದವರಲ್ಲಿ ಒಬ್ಬ ನಾನೇ ಎನ್ನುವುದು ಮರೆತುಹೋಗುತ್ತಿತ್ತು.

ಒಂದು ದಿನ ಪಾರ್ವತಮ್ಮನವರು ಹಿತ್ತಿಲ ಬಾಗಿಲಲ್ಲಿ ನಿಲ್ಲಿಸಿ ಹೇಳಿದರು: "ಪೂಜೆಗೆ ಕೂತ್ರೆ ಕಣ್ಣೇ ಮುಚ್ಚಲ್ಲ ಮೇಷ್ಟ್ರೇ ಅವ್ರು ಈಗ. ಅಂಗೈ ನೋಡ್ಕೊಂಡು ಸುಮ್ನೆ ಕೂತಿರ್ತಾರೆ. ನಿಮ್ಮ ಮೇಲೆ ನಮಗೆ ಕೋಪ ಇಲ್ಲ. ಆದ್ರೆ ಅವ್ರಿಗೆ ಮಾತಿಗೆ ಯಾರಾದ್ರೂ ಬೇಕು. ಗೆಲ್ಲೋಕೆ ಬರ್ಬೇಡಿ, ಸುಮ್ನೆ ವಾದ ಮಾಡೋಕೆ ಬನ್ನಿ." ಹೂಂ ಎಂದೆ. ಗೆಲ್ಲದೆ ವಾದ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಆ ಖಾಲಿ ಸಂಜೆಗಳಲ್ಲಿ ಕಾಲ ಕಳೆಯಲು ನಮ್ಮ ದೇಶದ ಹಳೆಯ ದರ್ಶನಗಳ ಬಗ್ಗೆ ಓದಿದೆ. ನನ್ನ ಪೂರ್ವಜರೆಂದು ನಾನು ಹೆಮ್ಮೆಪಡುತ್ತಿದ್ದ ಚಾರ್ವಾಕರ ಗ್ರಂಥಗಳು ಹೆಚ್ಚುಕಡಿಮೆ ಉಳಿದೇ ಇಲ್ಲವೆಂದು ಗೊತ್ತಾಯಿತು. ದೇವರಿಲ್ಲ, ಪರಲೋಕವಿಲ್ಲ ಎಂದ ಅವರ ಮಾತುಗಳು ನಮಗೆ ಸಿಕ್ಕಿರುವುದು ಬಹುಮಟ್ಟಿಗೆ ಅವರನ್ನು ಖಂಡಿಸಲು ಕೂತ ಆಸ್ತಿಕರ ಗ್ರಂಥಗಳಿಂದಲೇ. ಏಕೆಂದರೆ ಆಗಿನ ವಾದಕ್ಕೆ ಒಂದು ಮರ್ಯಾದೆಯಿತ್ತು. ಎದುರಾಳಿಯ ಮಾತನ್ನು ಖಂಡಿಸುವ ಮೊದಲು ಅದನ್ನು ನೀವೇ ನಿಮ್ಮ ಬಾಯಿಂದ, ಅವನು ಹೌದು ಎನ್ನುವಷ್ಟು ಚೆನ್ನಾಗಿ ಹೇಳಬೇಕು. ಪೂರ್ವಪಕ್ಷ ಎನ್ನುವುದು ಅದಕ್ಕೇ. ನಮ್ಮ ಕಡೆಯ ಮಾತನ್ನು ಉಳಿಸಿದವರು ನಮ್ಮ ವಿರೋಧಿಗಳು! ನಾನಾದರೋ ಓಂಕಾರಪ್ಪನವರ ಮಾತನ್ನು ಒಂದು ಸಲವೂ ಅವರ ಪರವಾಗಿ ಹೇಳಿ ನೋಡಿರಲಿಲ್ಲ. ಹೇಳಿ ನೋಡಿದ್ದರೆ ಅವರು ಹೂವನ್ನು ಏಕೆ ನಂಬುತ್ತಾರೆಂದು ಕೇಳಬೇಕಾಗುತ್ತಿತ್ತು, ಕೇಳಿದ್ದರೆ ಮಗುವಿನ ವಿಷಯ ತಿಳಿಯುತ್ತಿತ್ತು.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಟವನು ನೋಡಿದರೆ, ಅವರ ಮನೆ ಮುಂದೆ ಎತ್ತಿನ ಗಾಡಿ ಕಟ್ಟಿದ್ದಾರೆ. ಪಾರ್ವತಮ್ಮನವರಿಗೆ ತಡೆಯಲಾರದ ಹೊಟ್ಟೆನೋವು. ನೆಂಟರು ಸುತ್ತ ನಿಂತು, ಒಂದು ಮಾತು ಹೂವು ಕೇಳಿಬಿಡು, ಆಮೇಲೆ ಹೊರಡು ಎನ್ನುತ್ತಿದ್ದಾರೆ. "ಕೇಳಲ್ಲ" ಎಂದರು ಓಂಕಾರಪ್ಪನವರು. ನನ್ನನ್ನು ಕಂಡು, "ನೀವೂ ಬತ್ತೀರಾ ಮೇಷ್ಟ್ರೇ?" ಎಂದರು. ರಜೆಯ ಚೀಟಿ ಬರೆದು ಕಳಿಸಿ ಗಾಡಿ ಹತ್ತಿದೆ. ಸ್ಟೇಷನ್ನಿನಲ್ಲಿ ರೈಲು ಹಿಡಿದು, ಬೀರೂರಿನಲ್ಲಿ ಬದಲಾಯಿಸಿದೆವು. ತರೀಕೆರೆಯಲ್ಲಿ ರೈಲು ಬಹಳ ಹೊತ್ತು ನಿಂತಿತು. ಕಿಟಕಿಯಾಚೆ ಕೆಮ್ಮಣ್ಣುಗುಂಡಿಯ ಬೆಟ್ಟಗಳು ಕಾಣುತ್ತಿದ್ದವು. ನೋಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಓಂಕಾರಪ್ಪನವರು ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಗುಟುಕು ನೀರನ್ನೂ ಕುಡಿಯದೆ ಕೂತಿದ್ದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದ ತಕ್ಷಣ, ಕರುಳಿನ ತೊಂದರೆ, ಈಗಲೇ ಆಪರೇಷನ್ ಆಗಬೇಕು ಎಂದರು. ಮಧ್ಯಾಹ್ನ ಒಳಗೆ ಕರೆದೊಯ್ದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಅವರು ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. ಕಣ್ಣು ಮುಚ್ಚಲಾಗಲಿಲ್ಲ. ಮತ್ತೆ ಕರಡಿಗೆಗೆ ಹಾಕಿದರು. "ಸುಮ್ನೆ ಕೂತ್ರೆ ಎದೆ ಒಡೆದ್ಹೋಗ್ತದೆ. ಏನಾದ್ರೂ ವಾದ ಮಾಡಿ ಮೇಷ್ಟ್ರೇ" ಎಂದರು.

ನಾನು ಏನೆಂದು ವಾದ ಮಾಡಲಿ? ಆ ಬಾಗಿಲ ಮುಂದೆ ದೇವರಿಲ್ಲ ಎನ್ನುವಷ್ಟು ಕಟುಕನಲ್ಲ. ಆದ್ದರಿಂದ, ಬಾಯಿಗೆ ಬಂದಂತೆ, ದೇವರಿದ್ದಾನೆ ಎಂದು ಶುರು ಮಾಡಿದೆ. ಅವರು ಹಿಂದೆ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು ಹೇಳತೊಡಗಿದೆ. ಇಷ್ಟೆಲ್ಲ ಇರುವುದನ್ನು ನೋಡಿದರೆ ಯಾರೋ ಮಾಡಿರಲೇಬೇಕು ಎಂದೆ. ಅವನು ಮೇಲೆ ಕೂತು ನಮಗೆಲ್ಲ ಇದು ಮಾಡು, ಇದು ಬೇಡ ಎಂದು ಅಪ್ಪಣೆ ಕೊಡುತ್ತಾನೆ ಎಂದೆ. ಅವರ ಹುಬ್ಬು ಗಂಟಿಕ್ಕಿತು. ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುತ್ತಾನೆ, ಬೇಡಿಕೊಂಡವರನ್ನು ಉಳಿಸುತ್ತಾನೆ ಎಂದೆ.

"ಥೂ, ಹಂಗಲ್ಲ ಮೇಷ್ಟ್ರೇ" ಎಂದರು ಓಂಕಾರಪ್ಪನವರು. "ಏನೂ ಗೊತ್ತಿಲ್ಲದೆ ಮಾತಾಡ್ತೀರಿ. ಶಿವ ಅಂದ್ರೆ ಅಮಲ್ದಾರ್ ಏನ್ರೀ, ಕುರ್ಚಿ ಮೇಲೆ ಕೂತು ಹುಕುಂ ಮಾಡೋಕೆ? ಅವನು ಬೇರೆ ಎಲ್ಲೋ ಇದ್ರೆ ತಾನೆ ಕೇಳೋದು ಹೇಳೋದು! ಹೂ ಬೀಳಿಸೋದು ಅವನ ಕೆಲ್ಸ ಅಲ್ಲ, ಅದು ಈಗ ಗೊತ್ತಾಯ್ತು. ಮಗ ಹೋದಾಗ ನನ್ನ ಒಳಗೆ ಅತ್ತೋನು ಯಾರು? ಇವತ್ತು ಕೇಳದೇ ಗಾಡಿ ಕಟ್ಸಿದ್ದು ಯಾರು? ಅದನ್ನ ಹೇಳಿ ನೋಡೋಣ."

ನಾನು ಅದಕ್ಕೆ ಏನೋ ಅಂದೆ, ಅವರು ಅದನ್ನು ತಳ್ಳಿಹಾಕಿದರು. ನಾನು ದೇವರನ್ನು ಸಮರ್ಥಿಸಿದಷ್ಟೂ ಅವರಿಗೆ ರೇಗುತ್ತಿತ್ತು. ದೇವರ ಪರವಾಗಿ ಅಷ್ಟು ಕೆಟ್ಟದಾಗಿ ಯಾರೂ ವಾದ ಮಾಡಿರಲಾರರು. ಕೊನೆಗೆ ಅವರು ದನಿಯೇರಿಸಿ ಮಾತಾಡುತ್ತಿದ್ದುದನ್ನು ಕೇಳಿ ನರ್ಸಮ್ಮ ಬಂದು ಗದರಿದರು. ಒಂದು ವರ್ಷದ ಮೇಲೆ ಆ ದನಿ ಕೇಳಿದ ಸಂತೋಷಕ್ಕೆ ನನ್ನ ಕಣ್ಣು ತುಂಬಿತ್ತು, ಅದನ್ನು ಅವರು ನೋಡದಂತೆ ಗೋಡೆಯ ಕಡೆ ತಿರುಗಿ ಕೂತೆ.

ಸಂಜೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಇನ್ನು ಭಯವಿಲ್ಲ, ಸರಿಯಾದ ಹೊತ್ತಿಗೆ ಕರೆತಂದಿರಿ ಎಂದರು. ಓಂಕಾರಪ್ಪನವರು ಎರಡೂ ಕೈ ಮೇಲೆತ್ತಿ, "ಶಿವ ದೊಡ್ಡೋನು" ಎಂದರು. ತಕ್ಷಣ ನನ್ನ ಕಡೆ ತಿರುಗಿ, ಏನಾದರೂ ಅನ್ನುತ್ತೇನೇನೋ ಎಂದು ಕಾದರು. "ಡಾಕ್ಟರೂ ಪರವಾಗಿಲ್ಲ" ಎಂದೆ. ಅವರು ನಕ್ಕರು, ನಗುತ್ತ ನಗುತ್ತ ಅತ್ತುಬಿಟ್ಟರು.

ಹಾಗಾದರೆ ಹೂವಿನ ವಿಷಯ ನಾನು ಹೇಳಬಾರದಿತ್ತೇ? ಹೇಳಬೇಕಾಗಿತ್ತು. ಹೇಳದಿದ್ದರೆ ಆ ಬೆಳಿಗ್ಗೆ ಅವರು ಗುಡಿಗೆ ಹೋಗುತ್ತಿದ್ದರು, ಎಡದ ಬಾಗಿಲು ತೆಗೆದಿತ್ತೋ ಮುಚ್ಚಿತ್ತೋ ಯಾರು ಬಲ್ಲರು. ಆದರೆ ರುಬ್ಬುಗುಂಡು, ಬೀಸಣಿಗೆ, ಚಪ್ಪಾಳೆ ಯಾವುದೂ ಬೇಕಿರಲಿಲ್ಲ. ಅಂಗಡಿಯ ಬೆಂಚಿನ ಮೇಲೆ ಇಬ್ಬರೇ ಇದ್ದಾಗ, ನೀವು ಹೂವನ್ನು ಏಕೆ ನಂಬುತ್ತೀರಿ ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ಹೇಳಬಹುದಾಗಿತ್ತು. ನೋವು ಆಗಲೂ ಆಗುತ್ತಿತ್ತು. ಆ ನೋವಿನಲ್ಲಿ ನಾನು ಅವರ ಪಕ್ಕದಲ್ಲಿರುತ್ತಿದ್ದೆ, ಅಷ್ಟೇ ವ್ಯತ್ಯಾಸ. ಆ ಹುಡುಗನಿಗೆ ನಾನು ಹೇಳಬಲ್ಲದ್ದು ಇದಿಷ್ಟೇ. ಉಳಿದದ್ದನ್ನು ಅವನ ಓಂಕಾರಪ್ಪ ಅವನಿಗೆ ಕಲಿಸುತ್ತಾರೆ, ಸಿಕ್ಕಿದರೆ.

ಆಮೇಲೆ ಅವರು ಹೂವು ಕೇಳುವುದನ್ನು ಬಿಟ್ಟರೆಂದು ತಿಳಿಯಬೇಡಿ. "ಎತ್ತಿಗೆ ಕೇಳ್ತೀನಿ, ಕಾಯಿಲೆಗೆ ಕೇಳಲ್ಲ" ಎಂದು ಒಂದು ರಾಜಿ ಮಾಡಿಕೊಂಡರು. ಇದು ತರ್ಕಕ್ಕೆ ಒಪ್ಪುವುದಿಲ್ಲ ಎಂದು ನಾನು ಕೂಗಾಡಿದೆ. ಅವರೂ ಕೂಗಾಡಿದರು. ರೈತರು ಮತ್ತೆ ಹಗ್ಗ ಮರೆತು ನಿಂತರು. ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ನನಗೆ ಕಡೂರಿಗೆ ವರ್ಗವಾಯಿತು. ತಿಂಗಳಿಗೊಮ್ಮೆ ಅವರೇ ರೈಲು ಹತ್ತಿ ಬರುತ್ತಿದ್ದರು. ಬಂದವರು ಚಪ್ಪಲಿ ಬಿಡುವ ಮೊದಲೇ, ಹೋದ ಸಲ ಅರ್ಧಕ್ಕೆ ನಿಂತ ಮಾತನ್ನು ಎತ್ತಿಕೊಳ್ಳುತ್ತಿದ್ದರು. ಅರವತ್ತರ ದಶಕ ಮುಗಿಯುವ ಮೊದಲೇ ಒಂದು ತಿಂಗಳು ಅವರು ಬರಲಿಲ್ಲ. ಲಿಂಗೈಕ್ಯರಾದರೆಂದು ಕಾರ್ಡು ಬಂತು.

ಲಿಂಗೈಕ್ಯ ಎಂದರೆ ಶಿವನಲ್ಲಿ ಒಂದಾಗುವುದು, ನೀರು ನೀರಿನಲ್ಲಿ ಬೆರೆತಂತೆ. ಅದನ್ನು ನನಗೆ ವಿವರಿಸಿದವರು ಅವರೇ. ಬೆರೆತ ಮೇಲೆ ಬೇರೆಯಾಗಿ ಉಳಿಯುವುದಿಲ್ಲ ಎಂದಿದ್ದರು. ಹಾಗಾದರೆ ಅವರ ಮತದ ಪ್ರಕಾರವೇ ಈಗ ಎಲ್ಲಿಯೂ ಬೆಂಚು ಒರೆಸಿ ನನಗಾಗಿ ಕಾಯುತ್ತಿರುವ ಓಂಕಾರಪ್ಪನವರಿಲ್ಲ. ಸತ್ತವರು ಎಲ್ಲಿಯೂ ಇರುವುದಿಲ್ಲ ಎನ್ನುವುದು ನನ್ನ ಮತವೂ ಹೌದು. ಅಷ್ಟು ವರ್ಷ ಕಿತ್ತಾಡಿದ ಮೇಲೆ ಕೊನೆಗೂ ಒಂದು ವಿಷಯದಲ್ಲಿ ನಮ್ಮಿಬ್ಬರ ಮಾತೂ ಒಂದಾಯಿತು. ಅದೊಂದನ್ನು ಮಾತ್ರ ಒಪ್ಪಿಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ.